ಬೆಳ್ಳಗಿರುವುದೆಲ್ಲ ಹಾಲಲ್ಲ

ವ್ಯಾಪಾರವು ಮಾನವನ ಅತಿ ಪ್ರಾಚೀನವಾದ ವೃತ್ತಿಗಳಲ್ಲೊಂದು. ಒಂದು ಕಡೆ ಬೆಳೆದುದನ್ನು ಇನ್ನೊಂದು ಕಡೆಗೆ ಮುಟ್ಟಿಸುವ ವರ್ತಕನಿಲ್ಲದಿದ್ದರೆ ಮಲೆನಾಡಿನ ಅಡಕೆ ಬಯಲುಸೀಮೆಗೆ ಬರುತ್ತಿರಲಿಲ್ಲ. ಕರಾವಳಿಯ ಉಪ್ಪು ಘಟ್ಟವನ್ನು ಹತ್ತುತ್ತಿರಲಿಲ್ಲ. ಇಷ್ಟು ಉಪಕಾರಿಯಾದ ವೃತ್ತಿಯನ್ನು ಕುರಿತು ಜನರ ನಾಲಗೆಯ ಮೇಲೆ ನಿಂತಿರುವುದು ಮಾತ್ರ ‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಕಟುವಾದ ನುಡಿ. ಪ್ರಾಮಾಣಿಕರಾಗಿ ಬಾಳಿದ ಅಸಂಖ್ಯ ವರ್ತಕರಿಗೆ ಈ ನುಡಿಯಿಂದ ಅನ್ಯಾಯವಾಗಿದೆಯೆಂಬುದು ನಿಜ. ಆದರೂ ಅದರ ಹಿಂದಿರುವ ಅಂಜಿಕೆ ನಿರಾಧಾರವಾದುದಲ್ಲ. ಮಾರುವವನು ತನ್ನ ಸರಕಿನ ಗುಣದೋಷಗಳನ್ನು ಬಲ್ಲನು, ಕೊಳ್ಳುವವನು ಅರಿಯನು. ಈ ಅಂತರವನ್ನು ತುಂಬುವುದು ಮಾರುವವನ ಮಾತು. ಆ ಮಾತು ಎಲ್ಲಿಯವರೆಗೆ ಹೋಗಬಹುದು? ಕಾನೂನು ಅದಕ್ಕೆ ಎಲ್ಲಿ ಗೆರೆಯನ್ನೆಳೆಯಬೇಕು? ಕಾನೂನು ಸುಮ್ಮನಿರುವಲ್ಲಿ ವರ್ತಕನು ತನಗೆ ತಾನೇ ಯಾವ ಕಟ್ಟನ್ನು ಹಾಕಿಕೊಳ್ಳಬೇಕು? ಇಂದಿನ ಸಮಾಜವು ತಪ್ಪದೆ ಉತ್ತರಿಸಬೇಕಾದ ಪ್ರಶ್ನೆಗಳಿವು.

ಹಿಂದಿನ ಕಾಲದ ಸಂತೆಯಲ್ಲಿ ಈ ಪ್ರಶ್ನೆಗಳು ಅಷ್ಟಾಗಿ ತಲೆದೋರುತ್ತಿರಲಿಲ್ಲ. ಅಕ್ಕಿಯನ್ನು ಕೊಳ್ಳಲು ಬಂದವನು ಅದನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡುತ್ತಿದ್ದನು. ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದನು. ಗಡಿಗೆಯನ್ನು ಕೊಳ್ಳುವ ಹೆಂಗಸು ಬೆರಳಿನಿಂದ ತಟ್ಟಿ ಅದರ ನಾದವನ್ನು ಕೇಳುತ್ತಿದ್ದಳು. ಎತ್ತನ್ನು ಕೊಳ್ಳುವ ರೈತನು ಬಾಯಿ ತೆರೆಸಿ ಹಲ್ಲನ್ನು ಎಣಿಸಿ, ಸುಳಿಯನ್ನು ನೋಡಿ, ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುತ್ತಿದ್ದನು. ಮಾರುವವನು ಎಷ್ಟೇ ಹೊಗಳಲಿ, ಕೊಳ್ಳುವವನ ಕಣ್ಣು, ಕೈ, ಕಿವಿಗಳು ಆ ಹೊಗಳಿಕೆಯನ್ನು ಅಲ್ಲಿಯೇ ಒರೆಗೆ ಹಚ್ಚುತ್ತಿದ್ದುವು. ಮೋಸಕ್ಕೆ ಎಡೆಯಿದ್ದುದು ಹೆಚ್ಚಾಗಿ ತೂಕ, ಅಳತೆ ಮತ್ತು ಕಲಬೆರಕೆಗಳಲ್ಲಿ. ಆದುದರಿಂದಲೇ ಪ್ರಾಚೀನ ಶಾಸನಕಾರರು ಆ ಕಡೆಗೆ ವಿಶೇಷವಾಗಿ ಗಮನವಿತ್ತರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಕ್ಕಡಿ ಮತ್ತು ಅಳತೆಗಳನ್ನು ಅಧಿಕಾರಿಗಳು ಪರೀಕ್ಷಿಸಬೇಕೆಂಬ ವಿಧಿಯಿದೆ. ಕೀಳು ಸರಕನ್ನು ಮೇಲಾದುದೆಂದು ಹೇಳಿ ಮಾರುವ ವರ್ತಕನಿಗೆ ದಂಡವನ್ನೂ ವಿಧಿಸಲಾಗಿದೆ. ಸುಳ್ಳು ಹೇಳಿ ಮಾರುವುದು ಕೇವಲ ಪಾಪವಲ್ಲ, ರಾಜನು ದಂಡಿಸಬೇಕಾದ ಅಪರಾಧ ಎಂಬ ತಿಳಿವಳಿಕೆ ಈ ನೆಲದಲ್ಲಿ ಅಷ್ಟು ಹಳೆಯದು.

ಯಂತ್ರಯುಗವು ಬಂದ ಮೇಲೆ ಸಂತೆಯ ಸ್ವರೂಪವೇ ಬದಲಾಯಿತು. ಕಾರ್ಖಾನೆಯಲ್ಲಿ ತಯಾರಾದ ಪದಾರ್ಥವು ಮುಚ್ಚಿದ ಡಬ್ಬದಲ್ಲಿ, ಮೊಹರು ಮಾಡಿದ ಸೀಸೆಯಲ್ಲಿ ಅಂಗಡಿಗೆ ಬರತೊಡಗಿತು. ಅದನ್ನು ಉಜ್ಜಿ ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ. ಒಡೆದು ನೋಡಿದರೂ ಒಳಗಿರುವ ಪುಡಿಯು ಏನೆಂಬುದು ರಸಾಯನಶಾಸ್ತ್ರವನ್ನು ಓದದವನಿಗೆ ತಿಳಿಯದು. ತಯಾರಿಸಿದವನು ನೂರಾರು ಹರದಾರಿಗಳಾಚೆ ಇರುತ್ತಾನೆ; ಅಂಗಡಿಯವನಿಗೂ ಅದರ ಮರ್ಮ ಗೊತ್ತಿರುವುದಿಲ್ಲ. ಕೊಳ್ಳುವವನ ಪಾಲಿಗೆ ಉಳಿಯುವುದು ಡಬ್ಬದ ಮೇಲಿನ ಚೀಟಿ ಮತ್ತು ಪತ್ರಿಕೆಯಲ್ಲಿ ಬಂದ ಜಾಹೀರಾತು. ಹೀಗೆ ಕೈಯಿಂದ ಮಾಡುತ್ತಿದ್ದ ಪರೀಕ್ಷೆಯ ಸ್ಥಾನವನ್ನು ಮಾತು ಆಕ್ರಮಿಸಿತು. ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬುದು ಇಂಗ್ಲೆಂಡಿನ ಹಳೆಯ ನ್ಯಾಯಸೂತ್ರ. ಕುದುರೆಯ ಹಲ್ಲನ್ನು ಎಣಿಸಬಲ್ಲವನಿಗೆ ಈ ಸೂತ್ರವನ್ನು ಹೇಳುವುದು ಸರಿ. ಮುಚ್ಚಿದ ಡಬ್ಬದ ಮುಂದೆ ನಿಂತವನಿಗೆ ಅದನ್ನೇ ಹೇಳಿದರೆ ಕಣ್ಣು ಕಟ್ಟಿ ನಡೆಯಲು ಬಿಟ್ಟು, ಎಡವಿದುದಕ್ಕೆ ಅವನನ್ನೇ ಬೈದಂತಾಗುತ್ತದೆ.

ಈ ಮಾತು ನ್ಯಾಯಾಲಯದ ಮುಂದೆ ಬಂದ ಒಂದು ಪ್ರಸಿದ್ಧ ಪ್ರಸಂಗವುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ ನಗರದಲ್ಲಿ ಇನ್‌ಫ್ಲುಯೆಂಜಾ ಜ್ವರದ ಭೀತಿ ಹರಡಿತ್ತು. ಆಗ ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಕಂಪೆನಿಯು ಔಷಧದ ಪುಡಿಯನ್ನು ತುಂಬಿದ ರಬ್ಬರಿನ ಚೆಂಡೊಂದನ್ನು ಮಾರಾಟಕ್ಕೆ ತಂದಿತು. ಅದನ್ನು ದಿನಕ್ಕೆ ಮೂರು ಸಲದಂತೆ ಎರಡು ವಾರ ಸೇದಿಯೂ ಯಾರಿಗಾದರೂ ಈ ಜ್ವರ ಬಂದರೆ 100 ಪೌಂಡುಗಳನ್ನು ಕೊಡುವುದಾಗಿ 1891ರಲ್ಲಿ ಪತ್ರಿಕೆಗಳಲ್ಲಿ ಸಾರಿತು; ತನ್ನ ಮಾತು ಪ್ರಾಮಾಣಿಕವೆಂದು ತೋರಿಸಲು 1,000 ಪೌಂಡುಗಳನ್ನು ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಹೇಳಿತು. ಕಾರ್ಲಿಲ್ ಎಂಬ ಮಹಿಳೆ ಅದನ್ನು ಕೊಂಡು ಹೇಳಿದಂತೆಯೇ ಬಳಸಿದಳು. 1892ರ ಜನವರಿಯಲ್ಲಿ ಅವಳಿಗೆ ಜ್ವರ ಬಂದೇ ಬಂದಿತು. ಹಣವನ್ನು ಕೇಳಿದಾಗ ಕಂಪೆನಿಯು, ಜಾಹೀರಾತು ಬರಿಯ ಬಡಾಯಿ, ಅದನ್ನು ಯಾರೂ ನಿಜವೆಂದು ಭಾವಿಸಬಾರದು ಎಂದು ವಾದಿಸಿತು. ನ್ಯಾಯಾಧೀಶರು ಈ ವಾದವನ್ನು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಹಣವಿಟ್ಟಿರುವುದಾಗಿ ಹೇಳಿ ಜನರನ್ನು ನಂಬಿಸಿದವರು ಆ ಮಾತಿಗೆ ಬದ್ಧರಾಗಿರಲೇಬೇಕೆಂದು ತೀರ್ಪಿತ್ತರು.

ಈ ತೀರ್ಪಿನಲ್ಲಿ ಅಡಗಿರುವ ವಿವೇಕವು ಗಮನಾರ್ಹವಾದುದು. ‘ನಮ್ಮ ಕಾಫಿಯ ರುಚಿಗೆ ಸಾಟಿಯಿಲ್ಲ’ ಎಂದು ಅಂಗಡಿಯವನು ಹೇಳಿದರೆ ಅದು ಹೊಗಳಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕು ಕೇಳುವವರು ಅದನ್ನು ಎಷ್ಟಕ್ಕೆ ತೆಗೆದುಕೊಳ್ಳಬೇಕೋ ಅಷ್ಟಕ್ಕೇ ತೆಗೆದುಕೊಳ್ಳುತ್ತಾರೆ. ಕಾನೂನು ಇದರಲ್ಲಿ ತಲೆಹಾಕಬೇಕಾದುದಿಲ್ಲ. ‘ಈ ಕಾಫಿಯಲ್ಲಿ ಚಿಕೋರಿ ಬೆರೆತಿಲ್ಲ’ ಎಂದರೆ ಅದು ಹೊಗಳಿಕೆಯಲ್ಲ, ಸಂಗತಿ. ಅದನ್ನು ನಂಬಿ ಜನ ಹಣ ಕೊಡುತ್ತಾರೆ. ಸಂಗತಿಯನ್ನು ಹೇಳುವವನು ಅದಕ್ಕೆ ಹೊಣೆಯಾಗಬೇಕು. ಜಾಹೀರಾತನ್ನು ಕುರಿತ ಕಾನೂನುಗಳೆಲ್ಲಕ್ಕೂ ತಳಹದಿಯಾಗಿರುವುದು ಈ ಸರಳವಾದ ಭೇದ.

ಸ್ವತಂತ್ರ ಭಾರತವು ಈ ಹೊಣೆಯನ್ನು ಮೊದಲು ಕಟ್ಟುನಿಟ್ಟಾಗಿ ವಿಧಿಸಿದುದು ಔಷಧಗಳ ಕ್ಷೇತ್ರದಲ್ಲಿ. ರೋಗಿಯಷ್ಟು ಸುಲಭವಾಗಿ ನಂಬುವವನು ಇನ್ನೊಬ್ಬನಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಈ ದೌರ್ಬಲ್ಯವನ್ನು ಬಂಡವಾಳ ಮಾಡಿಕೊಂಡು, ವಾಸಿಯಾಗದ ರೋಗಗಳನ್ನು ವಾಸಿಮಾಡುವುದಾಗಿ ಸಾರುವ ಲೇಹ್ಯ, ಗುಳಿಗೆ, ತಾಯಿತಗಳ ಜಾಹೀರಾತುಗಳು ಪತ್ರಿಕೆಗಳನ್ನು ತುಂಬುತ್ತಿದ್ದುವು. 1954ರಲ್ಲಿ ಸಂಸತ್ತು ಔಷಧಗಳು ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯನ್ನು ಅಂಗೀಕರಿಸಿತು. ಈ ಕಾಯಿದೆಗೆ ಸೇರಿದ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ಮೂರ್ಛೆರೋಗ, ಕುರುಡುತನ ಮುಂತಾಗಿ 50ಕ್ಕೂ ಹೆಚ್ಚು ರೋಗಗಳ ಹೆಸರುಗಳಿವೆ. ಇವುಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದೇ ಅಪರಾಧ. ಮಂತ್ರಿಸಿದ ಕವಚ, ತಾಯಿತಗಳಿಗೆ ರೋಗನಿವಾರಕ ಶಕ್ತಿಯನ್ನು ಆರೋಪಿಸಿ ಸಾರುವುದಕ್ಕೂ ಇದೇ ನಿಷೇಧ ಅನ್ವಯಿಸುತ್ತದೆ.

ಈ ಕಾಯಿದೆಯು ಸಂವಿಧಾನವು ಕೊಟ್ಟಿರುವ ವಾಕ್‌ಸ್ವಾತಂತ್ರ್ಯಕ್ಕೆ ಭಂಗ ತರುತ್ತದೆಂದು ಹಮ್‌ದರ್ದ್ ದವಾಖಾನೆಯವರ ಮೊಕದ್ದಮೆಯಲ್ಲಿ ವಾದಿಸಲಾಯಿತು. 1959ರ ಡಿಸೆಂಬರ್ ತಿಂಗಳಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯ ಒಂದೆರಡು ಭಾಗಗಳನ್ನು ರದ್ದುಪಡಿಸಿದರೂ ಅದರ ಮೂಲತತ್ತ್ವವನ್ನು ಎತ್ತಿಹಿಡಿಯಿತು. ಇಂಥ ಜಾಹೀರಾತು ವ್ಯಾಪಾರದ ಒಂದು ಅಂಗವೇ ಹೊರತು ವಿಚಾರಗಳ ಪ್ರಸಾರವಲ್ಲ ಎಂಬುದು ಅದರ ಅಭಿಪ್ರಾಯ. ಮುಂದೆ 1995ರಲ್ಲಿ ಟಾಟಾ ಪ್ರೆಸ್ಸಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಸ್ವಲ್ಪ ಭಿನ್ನವಾದ ದೃಷ್ಟಿಯನ್ನು ತಳೆದು, ವಾಣಿಜ್ಯದ ಮಾತಿಗೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟೆಂದು ಹೇಳಿತು. ಯಾವ ಪದಾರ್ಥ ಎಲ್ಲಿ ದೊರೆಯುವುದೆಂದು ತಿಳಿಯುವುದು ಜನರಿಗೂ ಅವಶ್ಯಕವೆಂಬುದನ್ನು ಅದು ಗುರುತಿಸಿತು. ಆದರೆ ಸುಳ್ಳಾದ, ದಾರಿತಪ್ಪಿಸುವ ಜಾಹೀರಾತಿಗೆ ಆ ರಕ್ಷಣೆಯಿಲ್ಲವೆಂಬುದನ್ನೂ ಸ್ಪಷ್ಟಪಡಿಸಿತು. ಎರಡು ತೀರ್ಪುಗಳನ್ನೂ ಒಟ್ಟಿಗೆ ನೋಡಿದರೆ ತಿಳಿಯುವುದಿಷ್ಟು: ಮಾರುವವನಿಗೆ ಮಾತನಾಡುವ ಹಕ್ಕು ದೊರೆಯುವುದು ಕೇಳುವವನಿಗೆ ಅದರಿಂದ ನಿಜವು ತಿಳಿಯಲೆಂಬ ಕಾರಣಕ್ಕಾಗಿ. ನಿಜವೇ ಇಲ್ಲದ ಮಾತಿಗೆ ಆ ಹಕ್ಕಿನ ಆಸರೆಯಿಲ್ಲ.

ಹಾಗಾದರೆ ಸುಳ್ಳು ಹೇಳದಿದ್ದರೆ ವರ್ತಕನ ಹೊಣೆ ಮುಗಿಯಿತೆ? ಅಷ್ಟಕ್ಕೇ ಮುಗಿಯುವುದಿಲ್ಲವೆಂಬುದನ್ನು ಲೋಕಕ್ಕೆ ಮನಗಾಣಿಸಿದುದು ಎಳೆಗೂಸುಗಳ ಹಾಲಿನ ಪುಡಿಯ ಇತಿಹಾಸ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಗೆ ಇದಕ್ಕಿಂತ ಸಮರ್ಪಕವಾದ ಉದಾಹರಣೆ ದೊರೆಯುವುದು ಕಷ್ಟ.

ಹಾಲಿನ ಪುಡಿಯು ಸ್ವತಃ ಕೆಟ್ಟ ಪದಾರ್ಥವಲ್ಲವೆಂಬುದನ್ನು ಮೊದಲೇ ಹೇಳಬೇಕು. ತಾಯಿಯನ್ನು ಕಳೆದುಕೊಂಡ ಕೂಸಿಗೂ ಕಾಯಿಲೆಯ ಕಾರಣದಿಂದ ಹಾಲೂಡಲಾರದ ತಾಯಿಗೂ ಅದು ಜೀವದಾನ ಮಾಡಬಲ್ಲುದು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಶಿಶುಗಳಿಗೆ ಅರಗದೆಂದು ಭಾವಿಸಲಾಗಿದ್ದ ಎಮ್ಮೆಯ ಹಾಲಿನಿಂದಲೇ ಶಿಶುವಿಗೆ ಹೊಂದುವ ಆಹಾರವನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಗುಜರಾತಿನ ಆನಂದದ ಹಾಲು ಉತ್ಪಾದಕರ ಸಹಕಾರ ಸಂಘವು ಆ ವಿಧಾನದಿಂದ ಶಿಶು ಆಹಾರವನ್ನು ತಯಾರಿಸಿತು. ಎಮ್ಮೆಯ ಹಾಲೇ ಹೆಚ್ಚಾಗಿರುವ ದೇಶಕ್ಕೆ ಇದು ಹೆಮ್ಮೆಯ ಸಾಧನೆಯೇ ಸರಿ. ದೋಷವಿದ್ದುದು ಪುಡಿಯಲ್ಲಲ್ಲ, ಬೇಕಾದ ಕೆಲವರಿಗಷ್ಟೇ ಅಲ್ಲದೆ ಬೇಡವಾದ ಬಹುಮಂದಿಗೂ ಅದನ್ನು ಮಾರಲು ಹೊರಟ ರೀತಿಯಲ್ಲಿ.

ಈ ಅಪಾಯವನ್ನು ಬಹು ಮೊದಲೇ ಎತ್ತಿ ತೋರಿಸಿದವರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಮುಖ್ಯರು. ಜಮೈಕಾದಲ್ಲಿ ಹುಟ್ಟಿ, ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ಮಕ್ಕಳ ಅಪೌಷ್ಟಿಕತೆಯನ್ನು ಅಭ್ಯಸಿಸಿ, ಅನಂತರ ಮಲಯಕ್ಕೆ ಬಂದ ಈಕೆ, ಸಕ್ಕರೆ ಬೆರೆಸಿದ ಗಟ್ಟಿಹಾಲನ್ನು ಶಿಶುಗಳ ಆಹಾರವೆಂದು ಪ್ರಚಾರ ಮಾಡುತ್ತಿದ್ದುದನ್ನೂ ಅದನ್ನು ಕುಡಿದ ಕೂಸುಗಳು ಸೊರಗಿ ಸಾಯುತ್ತಿದ್ದುದನ್ನೂ ಕಣ್ಣಾರೆ ಕಂಡರು. 1939ರಲ್ಲಿ ಸಿಂಗಪುರದ ರೋಟರಿ ಸಂಘದಲ್ಲಿ ‘ಹಾಲು ಮತ್ತು ಕೊಲೆ’ ಎಂಬ ವಿಷಯವನ್ನು ಕುರಿತು ಮಾತನಾಡಿ, ಇಂಥ ಪ್ರಚಾರದಿಂದಾಗುವ ಸಾವನ್ನು ಕೊಲೆಯೆಂದೇ ಎಣಿಸಬೇಕೆಂದು ಹೇಳಿದರು. ಗಣ್ಯ ವರ್ತಕರು ನೆರೆದಿದ್ದ ಸಭೆಯಲ್ಲಿ ಈ ಮಾತನ್ನಾಡಲು ಸಾಮಾನ್ಯ ಧೈರ್ಯ ಸಾಲದು. ಆದರೆ ಆ ಕಾಲಕ್ಕೆ ಅದು ಒಂಟಿ ಧ್ವನಿಯಾಗಿಯೇ ಉಳಿಯಿತು.

ಎರಡನೆಯ ಮಹಾಯುದ್ಧದ ತರುವಾಯ ಶಿಶು ಆಹಾರದ ದೊಡ್ಡ ಕಂಪೆನಿಗಳು ಏಷ್ಯ, ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕದ ಬಡ ದೇಶಗಳಲ್ಲಿ ಮಾರಾಟವನ್ನು ವಿಸ್ತರಿಸಿದುವು. ಅವು ಅನುಸರಿಸಿದ ವಿಧಾನಗಳು ಜಾಣತನದಿಂದ ಕೂಡಿದ್ದುವು. ದಾದಿಯರಂತೆ ಬಿಳಿಯ ಉಡುಪನ್ನು ಧರಿಸಿದ ಮಾರಾಟದ ಹೆಂಗಸರು ಹೆರಿಗೆಯ ವಾರ್ಡುಗಳಿಗೂ ಮನೆಗಳಿಗೂ ಹೋಗಿ ಬಾಣಂತಿಯರಿಗೆ ಬುದ್ಧಿ ಹೇಳಿದರು. ಆಸ್ಪತ್ರೆಗಳಿಗೆ ಪುಡಿಯ ಡಬ್ಬಗಳು ಉಚಿತವಾಗಿ ಬಂದುವು. ಗೋಡೆಗಳ ಮೇಲೆ, ಡಬ್ಬಗಳ ಮೇಲೆ ಗುಂಡುಗುಂಡಾಗಿ ನಗುವ ಕೂಸಿನ ಚಿತ್ರಗಳು ರಾರಾಜಿಸಿದುವು. ಇವುಗಳಲ್ಲಿ ಒಂದೊಂದನ್ನೇ ಬಿಡಿಸಿ ನೋಡಿದರೆ ಸುಳ್ಳನ್ನು ಹಿಡಿಯುವುದು ಕಷ್ಟ. ಪುಡಿಯಲ್ಲಿ ಪೋಷಕಾಂಶಗಳಿದ್ದುದು ನಿಜ. ಉಚಿತವಾಗಿ ಕೊಟ್ಟುದೂ ನಿಜ. ಆದರೆ ಎಲ್ಲವೂ ಸೇರಿ ಬಡ ತಾಯಿಯ ಮನಸ್ಸಿನಲ್ಲಿ ಮೂಡಿಸಿದ ಭಾವನೆ ಒಂದೇ: ತನ್ನ ಹಾಲಿಗಿಂತ ಡಬ್ಬದ ಹಾಲು ಮೇಲು, ತಿಳಿದವರೂ ಶ್ರೀಮಂತರೂ ಕೊಡುವುದು ಅದನ್ನೇ. ಆ ಭಾವನೆ ಸುಳ್ಳು.

ಆ ಸುಳ್ಳಿನ ಫಲವು ಹಂತಹಂತವಾಗಿ ಒದಗಿತು. ಕೂಸು ಚೀಪಿದಷ್ಟೂ ತಾಯಿಯಲ್ಲಿ ಹಾಲು ಊರುವುದು ಪ್ರಕೃತಿಯ ನಿಯಮ. ಹೆರಿಗೆಯಾದ ಮೊದಲ ವಾರಗಳಲ್ಲಿ ಉಚಿತವಾಗಿ ದೊರೆತ ಪುಡಿಯನ್ನು ಕುಡಿಸಿದರೆ ಕೂಸು ಎದೆಯನ್ನು ಚೀಪುವುದು ಕಡಮೆಯಾಗುತ್ತದೆ, ಹಾಲು ಬತ್ತತೊಡಗುತ್ತದೆ. ಉಚಿತ ಡಬ್ಬವು ಮುಗಿಯುವ ವೇಳೆಗೆ ತಾಯಿಗೆ ಹಿಂದಿರುಗುವ ದಾರಿ ದುರ್ಗಮವಾಗಿರುತ್ತದೆ. ಇನ್ನು ಕೊಂಡೇ ತೀರಬೇಕು. ಕೂಲಿಯ ಬಹುಭಾಗ ಅದಕ್ಕೇ ಹೋಗುವುದರಿಂದ ಒಂದು ವಾರದ ಡಬ್ಬವನ್ನು ಎರಡು ಮೂರು ವಾರ ತೂಗಿಸಲು ಅವಳು ನೀರನ್ನು ಹೆಚ್ಚಿಸುತ್ತಾಳೆ. ಆ ನೀರು ಕೆರೆಯದೋ ಹೊಳೆಯದೋ ಆಗಿರುತ್ತದೆ. ಬಾಟಲಿಯನ್ನು ಪ್ರತಿಸಲವೂ ಕುದಿಸಲು ಸೌದೆಯಿರುವುದಿಲ್ಲ. ಡಬ್ಬದ ಮೇಲಿನ ಸೂಚನೆಯನ್ನು ಓದಲು ಅವಳಿಗೆ ಅಕ್ಷರ ಬಾರದು. ಕೂಸಿಗೆ ಭೇದಿ ಹಿಡಿಯುತ್ತದೆ. ಎದೆಹಾಲು ಕೊಡುತ್ತಿದ್ದ ರೋಗನಿರೋಧಕ ಶಕ್ತಿಯೂ ಅದಕ್ಕೆ ಇಲ್ಲ. ಕೊನೆಗೆ ಆಗುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಂಪೆನಿಗಳ ಉತ್ತರವು ಮೇಲುನೋಟಕ್ಕೆ ಸಮಂಜಸವಾಗಿಯೇ ಕಾಣುತ್ತಿತ್ತು. ಪುಡಿಯನ್ನು ಹೇಗೆ ಕಲಸಬೇಕೆಂದು ಡಬ್ಬದ ಮೇಲೆ ಬರೆದಿದೆ. ನೀರು ಕೊಳಕಾಗಿದ್ದರೆ, ಜನ ಬಡವರಾಗಿದ್ದರೆ, ಓದು ಬಾರದವರಾಗಿದ್ದರೆ ಅದು ಸರ್ಕಾರಗಳ ತಪ್ಪು. ಕೊಳ್ಳುವಂತೆ ಯಾರನ್ನೂ ಬಲಾತ್ಕರಿಸಿಲ್ಲ ಎಂದು ಅವು ಹೇಳಿದುವು. ಈ ವಾದದಲ್ಲಿ ಒಂದು ಅಂಶ ಸತ್ಯ: ಕೊಳಕು ನೀರನ್ನು ಕಂಪೆನಿಗಳು ಸೃಷ್ಟಿಸಲಿಲ್ಲ. ಆದರೆ ನೀರು ಕೊಳಕಾಗಿದೆಯೆಂಬುದನ್ನು ಬಲ್ಲವರು, ಆ ನೀರಿನಲ್ಲಿ ಕಲಸಿ ಕುಡಿಸಬೇಕಾದ ಪದಾರ್ಥವನ್ನು ಅಲ್ಲಿಯೇ ಹುರುಪಿನಿಂದ ಮಾರಿದುದು ನ್ಯಾಯವೆ? ಕೊಳ್ಳುವವನ ಸ್ವಾತಂತ್ರ್ಯವೆಂಬುದು ತಿಳಿದು ಆರಿಸುವ ಸ್ವಾತಂತ್ರ್ಯ. ದಾದಿಯ ವೇಷದಲ್ಲಿ ಬಂದವಳನ್ನು ದಾದಿಯೆಂದೇ ನಂಬಿದ ತಾಯಿಗೆ ಆ ಸ್ವಾತಂತ್ರ್ಯವಿತ್ತೆಂದು ಹೇಳಲಾಗದು. ಅದಲ್ಲದೆ ಇಲ್ಲಿ ಕೊಳ್ಳುವವಳು ತಾಯಿ, ಉಣ್ಣುವುದು ಕೂಸು. ಮಾರುವವನ ಮಾತನ್ನು ಕೇಳುವ ಕಿವಿ, ಒಪ್ಪುವ ಬುದ್ಧಿ, ನಿರಾಕರಿಸುವ ಬಾಯಿ ಯಾವುದೂ ಇಲ್ಲದ ಜೀವಿಯು ಆ ಮಾತಿನ ಬೆಲೆಯನ್ನು ತೆರುತ್ತದೆ.

ಈ ವಿವೇಕವು ಲೋಕದಲ್ಲಿ ಮೂಡಲು ಹೋರಾಟವೇ ನಡೆಯಬೇಕಾಯಿತು. 1974ರಲ್ಲಿ ಇಂಗ್ಲೆಂಡಿನ ‘ವಾರ್ ಆನ್ ವಾಂಟ್’ ಎಂಬ ಸಂಸ್ಥೆಯು ಮೈಕ್ ಮುಲ್ಲರ್ ಬರೆದ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ ಈ ಮಾರಾಟದ ರೀತಿಗಳನ್ನು ಬಯಲಿಗೆಳೆಯಿತು. ಸ್ವಿಟ್ಜರ್ಲೆಂಡಿನ ತಂಡವೊಂದು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ, ನೆಸ್ಲೆ ಕಂಪೆನಿಯು ಕೂಸುಗಳನ್ನು ಕೊಲ್ಲುತ್ತದೆ ಎಂಬ ಶೀರ್ಷಿಕೆಯನ್ನು ಕೊಟ್ಟಿತು. ಕಂಪೆನಿಯು ಮಾನನಷ್ಟ ಮೊಕದ್ದಮೆಯನ್ನು ಹೂಡಿತು. 1976ರಲ್ಲಿ ಬರ್ನ್ ನಗರದ ನ್ಯಾಯಾಲಯವು, ಕೊಲೆಯೆಂಬ ಆ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲವೆಂದು ತಂಡದವರಿಗೆ ಅಲ್ಪಮೊತ್ತದ ದಂಡವನ್ನು ವಿಧಿಸಿತು. ಅದರ ಜೊತೆಗೇ ಕಂಪೆನಿಯು ತನ್ನ ಪ್ರಚಾರದ ವಿಧಾನಗಳನ್ನು ಮೂಲಭೂತವಾಗಿ ಪುನರಾಲೋಚಿಸಬೇಕೆಂದೂ ಹೇಳಿತು. ಮೊಕದ್ದಮೆಯನ್ನು ಗೆದ್ದವರು ಲೋಕದ ಮೆಚ್ಚುಗೆಯನ್ನು ಗೆಲ್ಲಲಿಲ್ಲ. 1977ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಹಿಷ್ಕಾರ ಚಳವಳಿಯು ಅನೇಕ ದೇಶಗಳಿಗೆ ಹಬ್ಬಿತು. ಕಡೆಗೆ 1981ರ ಮೇ ತಿಂಗಳಲ್ಲಿ ಜಿನೀವದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯು ಎದೆಹಾಲಿಗೆ ಬದಲಾದ ಆಹಾರಗಳ ಮಾರಾಟವನ್ನು ಕುರಿತ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ ಬಂದ ಮತಗಳು 118. ವಿರೋಧವಾಗಿ ಬಂದುದು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದೇ ಮತ. ಮೂರು ರಾಷ್ಟ್ರಗಳು ತಟಸ್ಥವಾಗಿ ಉಳಿದುವು.

ಭಾರತವು ಈ ಸಂಹಿತೆಯನ್ನು ಅನುಸರಿಸಿ 1983ರಲ್ಲಿ ತನ್ನದೇ ರಾಷ್ಟ್ರೀಯ ಸಂಹಿತೆಯನ್ನು ರೂಪಿಸಿತು. ಸಂಹಿತೆಯು ಸಲಹೆಯಷ್ಟೇ, ಮೀರಿದವನಿಗೆ ಶಿಕ್ಷೆಯಿಲ್ಲ. ಆದುದರಿಂದ 1992ರಲ್ಲಿ ಸಂಸತ್ತು ಶಿಶುಗಳ ಬದಲಿ ಹಾಲು, ಹಾಲೂಡಿಸುವ ಬಾಟಲಿ ಮತ್ತು ಶಿಶು ಆಹಾರಗಳನ್ನು ಕುರಿತ ಕಾಯಿದೆಯನ್ನೇ ಮಾಡಿತು. ಅದು 1993ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. 2003ರ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಯಿತು. ಅದರ ವಿಧಿಗಳನ್ನು ಒಂದೊಂದಾಗಿ ನೋಡಿದರೆ ಹಿಂದೆ ನಡೆದ ಒಂದೊಂದು ಉಪಾಯಕ್ಕೂ ಒಂದೊಂದು ಬಾಗಿಲನ್ನು ಮುಚ್ಚಿರುವುದು ಕಾಣುತ್ತದೆ. ಈ ಪದಾರ್ಥಗಳನ್ನು ಜಾಹೀರಾತಿನ ಮೂಲಕ ಪ್ರಚಾರ ಮಾಡುವಂತಿಲ್ಲ. ಮಾದರಿಯ ಡಬ್ಬಗಳನ್ನಾಗಲಿ ಕಾಣಿಕೆಗಳನ್ನಾಗಲಿ ಗರ್ಭಿಣಿಯರಿಗೂ ತಾಯಂದಿರಿಗೂ ಕೊಡುವಂತಿಲ್ಲ. ಬದಲಿ ಹಾಲಿನ ಡಬ್ಬದ ಮೇಲೆ ಕೂಸಿನ ಅಥವಾ ಹೆಂಗಸಿನ ಚಿತ್ರವಿರಕೂಡದು. ತಾಯಿಯ ಹಾಲೇ ಕೂಸಿಗೆ ಶ್ರೇಷ್ಠವೆಂಬ ಮಾತು ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಇರತಕ್ಕದ್ದು. ಆರೋಗ್ಯ ಕಾರ್ಯಕರ್ತರಿಗೆ ಆಮಿಷವನ್ನು ಒಡ್ಡುವಂತಿಲ್ಲ. ಮಾರಾಟದ ಪ್ರಮಾಣವನ್ನು ನೋಡಿ ನೌಕರನ ಸಂಬಳವನ್ನು ಗೊತ್ತುಪಡಿಸುವುದಕ್ಕೂ ತಡೆಯಿದೆ.

ಈ ಕೊನೆಯ ವಿಧಿಯು ವಿಶೇಷವಾಗಿ ಚಿಂತನಾರ್ಹವಾದುದು. ಹೆಚ್ಚು ಡಬ್ಬಗಳನ್ನು ಮಾರಿದರೆ ಹೆಚ್ಚು ಸಂಬಳ ಎಂದಾದಾಗ, ಸ್ವಭಾವತಃ ಒಳ್ಳೆಯವನಾದ ನೌಕರನೂ ತನ್ನ ಮಕ್ಕಳ ಅನ್ನಕ್ಕಾಗಿ ಇನ್ನೊಬ್ಬರ ಮಕ್ಕಳ ಹಿತವನ್ನು ಮರೆಯಬೇಕಾಗುತ್ತದೆ. ತಪ್ಪನ್ನು ಮಾಡಿದವನನ್ನು ದಂಡಿಸುವುದು ಕಾನೂನಿನ ಒಂದು ಕೆಲಸ. ತಪ್ಪಿಗೆ ಪ್ರೇರಣೆಯಾಗುವ ಏರ್ಪಾಟನ್ನೇ ತೆಗೆದುಹಾಕುವುದು ಅದಕ್ಕಿಂತ ದೊಡ್ಡ ಕೆಲಸ.

ಹಾಲಿನ ಪುಡಿಯ ಈ ಇತಿಹಾಸದಿಂದ, ಯಾವ ಸರಕಿನ ಪ್ರಚಾರಕ್ಕಾದರೂ ಅನ್ವಯಿಸಬಹುದಾದ ಮೂರು ಪ್ರಶ್ನೆಗಳು ಹೊರಡುತ್ತವೆ. ಹೇಳಿದ ಮಾತು ನಿಜವೆ ಎಂಬುದು ಮೊದಲನೆಯದು. ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಶಕ್ತಿ ಕೇಳುವವನಿಗಿದೆಯೆ ಎಂಬುದು ಎರಡನೆಯದು. ಮಾತು ಹುಸಿಯಾದರೆ ನಷ್ಟವನ್ನು ಅನುಭವಿಸುವವರು ಯಾರು, ಆ ನಷ್ಟ ಎಂಥದು ಎಂಬುದು ಮೂರನೆಯದು. ಸೀರೆಯ ಬಣ್ಣ ಹೋದರೆ ಹೋದೀತು, ಇನ್ನೊಂದನ್ನು ಕೊಳ್ಳಬಹುದು. ಔಷಧವು ಹುಸಿಯಾದರೆ ಹೋದ ಕಾಲವೂ ಪ್ರಾಣವೂ ಹಿಂದಿರುಗುವುದಿಲ್ಲ. ಕೇಳುವವನು ಎಷ್ಟು ದುರ್ಬಲನೋ ಮಾತಿನ ಮೇಲೆ ಅಷ್ಟು ಬಿಗಿಯಾದ ಕಟ್ಟಿರಬೇಕು.

ಇತ್ತೀಚಿನ ಕಾನೂನುಗಳು ಹೆಚ್ಚುಹೆಚ್ಚಾಗಿ ಈ ದಾರಿಯಲ್ಲೇ ಸಾಗಿವೆ. 1986ರ ಬಳಕೆದಾರರ ಸಂರಕ್ಷಣಾ ಕಾಯಿದೆಯು ಸಾಮಾನ್ಯನಿಗೆ ಸುಲಭವಾದ ನ್ಯಾಯದ ಬಾಗಿಲನ್ನು ತೆರೆಯಿತು. 2003ರ ಕಾಯಿದೆಯೊಂದು ಹೊಗೆಸೊಪ್ಪಿನ ಪದಾರ್ಥಗಳ ಜಾಹೀರಾತನ್ನು ನಿಷೇಧಿಸಿತು. 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಅದನ್ನು ಮತ್ತೆ ಮಾಡಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿತು. ಸರಕನ್ನು ಹೊಗಳಿ ಮುಖ ತೋರಿಸುವ ನಟ, ಕ್ರೀಡಾಪಟುಗಳನ್ನೂ ಅದು ಹೊಣೆಗಾರರನ್ನಾಗಿ ಮಾಡಿತು. ತಾನು ಹೇಳುವುದು ನಿಜವೆ ಎಂದು ಸಾಕಷ್ಟು ವಿಚಾರಿಸಿ ನೋಡದೆ ಹಣಕ್ಕಾಗಿ ಮಾತನಾಡಿದವನು, ಬರೆದುಕೊಟ್ಟುದನ್ನು ಓದಿದೆನಷ್ಟೆ ಎಂದು ಜಾರಿಕೊಳ್ಳುವಂತಿಲ್ಲ. 2022ರಲ್ಲಿ ಹೊರಟ ಮಾರ್ಗಸೂಚಿಗಳು ಮಕ್ಕಳ ಎಳೆಯ ಬುದ್ಧಿಯನ್ನು ದುರುಪಯೋಗಪಡಿಸುವ ಜಾಹೀರಾತುಗಳನ್ನೂ, ಮದ್ಯದ ಹೆಸರನ್ನೇ ಸೋಡಾ ನೀರಿಗೆ ಇಟ್ಟು ಸಾರುವಂಥ ಮರೆಯ ಜಾಹೀರಾತುಗಳನ್ನೂ ತಡೆಯಲು ಹೊರಟಿವೆ.

ಇಷ್ಟಾದರೂ ಕಾನೂನಿಗೆ ತನ್ನದೇ ಆದ ಮಿತಿಗಳುಂಟು. ಅದು ತಡವಾಗಿ ಬರುತ್ತದೆ. ಸಿಸಿಲಿ ವಿಲಿಯಮ್ಸ್ ಎಚ್ಚರಿಕೆಯನ್ನು ಕೊಟ್ಟುದು 1939ರಲ್ಲಿ; ಭಾರತದಲ್ಲಿ ಕಾಯಿದೆಯಾದುದು 1992ರಲ್ಲಿ. ನಡುವೆ ಕಳೆದುದು 53 ವರ್ಷಗಳು. ಕಾಯಿದೆಯು ಬಂದ ಮೇಲೂ ಚಾಪೆಯ ಕೆಳಗೆ ನುಸುಳುವವನಿದ್ದರೆ ರಂಗೋಲಿಯ ಕೆಳಗೆ ನುಸುಳುವವನು ಇನ್ನೊಬ್ಬನಿರುತ್ತಾನೆ. ಪತ್ರಿಕೆಯಲ್ಲಿ ಮುಚ್ಚಿದ ಬಾಗಿಲು ದೂರದರ್ಶನದಲ್ಲಿ ತೆರೆಯುತ್ತದೆ; ಅಲ್ಲಿಯೂ ಮುಚ್ಚಿದರೆ ಕೈಯಲ್ಲಿರುವ ದೂರವಾಣಿಯ ಪರದೆಯ ಮೇಲೆ, ಗೆಳೆಯನ ಸಲಹೆಯಂತೆ ವೇಷ ಹಾಕಿಕೊಂಡು ಬರುತ್ತದೆ. ಒಂದೊಂದು ಮಾತಿನ ಹಿಂದೆಯೂ ಒಬ್ಬೊಬ್ಬ ಅಧಿಕಾರಿಯನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಾಗದು.

ಆದುದರಿಂದ ಕಾನೂನು ಮುಗಿಯುವಲ್ಲಿ ವೃತ್ತಿಧರ್ಮವು ಆರಂಭವಾಗಬೇಕು. ಕಾನೂನಿನ ಬಲವಿಲ್ಲದೆ ತಮಗೆ ತಾವೇ ನಿಯಮವನ್ನು ವಿಧಿಸಿಕೊಂಡವರೂ ಇದ್ದಾರೆ. 1985ರಲ್ಲಿ ಜಾಹೀರಾತು ಉದ್ಯಮದವರೇ ಕೂಡಿ ಭಾರತದ ಜಾಹೀರಾತು ಮಾನದಂಡ ಮಂಡಳಿಯನ್ನು ಸ್ಥಾಪಿಸಿ, ಪ್ರಾಮಾಣಿಕತೆಯ ನಿಯಮಗಳನ್ನು ರಚಿಸಿಕೊಂಡರು. ಇದಕ್ಕೂ ಬಹು ಹಿಂದೆ ಮಹಾತ್ಮ ಗಾಂಧಿಯವರು ‘ಯಂಗ್ ಇಂಡಿಯ’ ಮತ್ತು ‘ನವಜೀವನ’ ಪತ್ರಿಕೆಗಳನ್ನು ಜಾಹೀರಾತುಗಳಿಲ್ಲದೆ ನಡೆಸಿದರು. ಎಲ್ಲ ಪತ್ರಿಕೆಗಳಿಗೂ ಅಷ್ಟು ಕಠಿಣವಾದ ವ್ರತ ಸಾಧ್ಯವಾಗಲಾರದು. ಜಾಹೀರಾತಿನ ಹಣದಿಂದಲೇ ಕಡಮೆ ಬೆಲೆಗೆ ಸುದ್ದಿಯನ್ನು ಒದಗಿಸುವ ಪತ್ರಿಕೆಗಳು ಸಮಾಜಕ್ಕೆ ಬೇಕು. ಆದರೆ ಯಾವ ಹಣವನ್ನು ತೆಗೆದುಕೊಳ್ಳಬಾರದೆಂಬ ಪ್ರಶ್ನೆಯನ್ನು ಪತ್ರಿಕೆಯವನೂ ವೈದ್ಯನೂ ನಟನೂ ತಮ್ಮ ತಮ್ಮಲ್ಲೇ ಕೇಳಿಕೊಳ್ಳಬೇಕು. ಅವರ ಮುಖವನ್ನು ಕಂಡು ಜನ ನಂಬುತ್ತಾರೆ. ಆ ನಂಬಿಕೆಯು ಮಾರಾಟದ ವಸ್ತುವಲ್ಲ.

ಧರ್ಮದಿಂದ ನಡೆದರೆ ವ್ಯಾಪಾರವು ಉಳಿಯುವುದೆ ಎಂದು ಕೇಳುವವರುಂಟು. ಸತ್ಯವನ್ನು ನುಡಿದವನಿಗೆ ಯಾವಾಗಲೂ ಲಾಭವೇ ಆಗುತ್ತದೆಂದು ಹೇಳಿದರೆ ಅದೇ ಒಂದು ಸುಳ್ಳು ಜಾಹೀರಾತಾದೀತು. ನೆರೆಯ ಅಂಗಡಿಯವನು ಸುಳ್ಳು ಹೇಳಿ ಗಿರಾಕಿಗಳನ್ನು ಸೆಳೆಯುತ್ತಿರುವಾಗ ನಿಜ ಹೇಳುವವನು ಕೈಸುಟ್ಟುಕೊಳ್ಳುವ ಸಂದರ್ಭಗಳು ಇದ್ದೇ ಇವೆ. ಕಾನೂನು ಅವಶ್ಯಕವೆನ್ನುವುದಕ್ಕೆ ಇದೇ ಬಲವಾದ ಕಾರಣ. ಅದು ಕೊಳ್ಳುವವನನ್ನು ಮೋಸಗಾರನಿಂದ ರಕ್ಷಿಸುವಂತೆಯೇ ಪ್ರಾಮಾಣಿಕ ವರ್ತಕನನ್ನು ಅಪ್ರಾಮಾಣಿಕ ಸ್ಪರ್ಧಿಯಿಂದಲೂ ರಕ್ಷಿಸುತ್ತದೆ. ಎಲ್ಲರ ತಕ್ಕಡಿಯೂ ನೆಟ್ಟಗಿರಬೇಕೆಂಬ ನಿಯಮವಿದ್ದಾಗಲೇ ನೆಟ್ಟಗೆ ತೂಗುವವನು ಬದುಕಬಲ್ಲನು. ಹೀಗಿರುವುದರಿಂದ ಜಾಹೀರಾತಿನ ಕಾನೂನುಗಳನ್ನು ವ್ಯಾಪಾರದ ಕಾಲಿಗೆ ಕಟ್ಟಿದ ಕೊರಡೆಂದು ಭಾವಿಸುವುದು ತಪ್ಪು. ಅವು ಗದ್ದೆಯ ಬದುವಿನಂತೆ. ಬದುವಿಲ್ಲದಿದ್ದರೆ ನೀರೂ ನಿಲ್ಲದು, ಬೆಳೆಯೂ ಉಳಿಯದು.

ಕೊನೆಯದಾಗಿ, ಕೊಳ್ಳುವವನಿಗೂ ಒಂದು ಕರ್ತವ್ಯವುಂಟು. ಚೀಟಿಯನ್ನು ಓದಿ ಕೊಳ್ಳುವುದು, ರಸೀದಿಯನ್ನು ಕೇಳಿ ಪಡೆಯುವುದು, ಮೋಸವಾದಾಗ ಹಣೆಯ ಬರಹವೆಂದು ಸುಮ್ಮನಾಗದೆ ದೂರು ಕೊಡುವುದು ಇವು ಸಣ್ಣ ಕೆಲಸಗಳಂತೆ ಕಂಡರೂ ಕಾನೂನಿಗೆ ಜೀವ ಬರುವುದು ಇವುಗಳಿಂದಲೇ. ಓದಬಲ್ಲವನು ಓದಲಾರದವನಿಗಾಗಿಯೂ ಓದಬೇಕು. ಅಕ್ಷರವನ್ನು ಕಲಿತ ಮಗನೋ ಮಗಳೋ ಮನೆಗೆ ಬಂದ ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನು ತಾಯಿಗೆ ಓದಿ ಹೇಳಿದರೆ, ಅದು ಪಡೆದ ವಿದ್ಯೆಯ ಸಾರ್ಥಕವಾದ ಉಪಯೋಗಗಳಲ್ಲೊಂದು. ಮಾರುವವನು ನಿಜವನ್ನು ನುಡಿಯಲು ಕಲಿತು, ಕೊಳ್ಳುವವನು ನಿಜವನ್ನು ಕೇಳಲು ಕಲಿತಾಗ, ವ್ಯಾಪಾರದ ಹೆಸರಿಗೆ ಅಂಟಿಕೊಂಡಿರುವ ದ್ರೋಹವೆಂಬ ಹಳೆಯ ಕಳಂಕವು ತೊಲಗುವುದು.